ಉಸಿರಿನ ಕಾವಲು

ಕನ್ನಡದಲ್ಲಿ ಉಸಿರು ಎಂಬ ಮಾತಿನ ಬಳಗ ಬಲು ದೊಡ್ಡದು. ನಿಟ್ಟುಸಿರು, ಏದುಸಿರು, ಬಿಸಿಯುಸಿರು, ಕೊನೆಯುಸಿರು ಎಂದು ನಮ್ಮ ಸುಖದುಃಖಗಳನ್ನೆಲ್ಲ ನಾವು ಉಸಿರಿನಿಂದಲೇ ಅಳೆಯುತ್ತೇವೆ. ಕೆಲಸ ಮೈಮೇಲೆ ಬಿದ್ದಾಗ ಉಸಿರಾಡಲೂ ಪುರಸೊತ್ತಿಲ್ಲ ಎನ್ನುತ್ತೇವೆ. ಗುಟ್ಟು ಹೊರಬೀಳಬಾರದೆಂದಾಗ ಉಸಿರೆತ್ತಬೇಡ ಎನ್ನುತ್ತೇವೆ. ಹಳಗನ್ನಡದಲ್ಲಿ ಉಸಿರ್ ಎಂಬುದಕ್ಕೆ ನುಡಿ, ಹೇಳು ಎಂಬ ಅರ್ಥವೂ ಉಂಟು. ಹೀಗೆ ಮಾತುಮಾತಿಗೂ ಉಸಿರನ್ನು ನೆನೆಯುವ ನಾವು, ಅದು ಒಳಗೆ ಹೋಗಿ ಏನು ಮಾಡುತ್ತದೆ, ಯಾರ ಅಪ್ಪಣೆಯಂತೆ ಒಳಹೊರಗೆ ಸಂಚರಿಸುತ್ತದೆ ಎಂದು ವಿಚಾರಿಸುವುದು ಮಾತ್ರ ಅಪರೂಪ.

ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಯ ನಾವು ಗುಡ್ಡ ಹತ್ತುವವರು, ಹೊಳೆಯ ಮಡುವಿನಲ್ಲಿ ಈಜುವವರು, ಮಳೆಗಾಲದಲ್ಲಿ ಕೆಂಡದ ಮುಂದೆ ಕೂರುವವರು, ತೋಟದ ಬಾವಿ ಗುಂಡಿಗಳಿಗೆ ಇಳಿದು ಕೆಲಸ ಮಾಡುವವರು. ಈ ಎಡೆಗಳಲ್ಲಿ ಉಸಿರಾಟದ ನಿಯಮ ತಿಳಿಯದಿದ್ದರೆ ಪ್ರಾಣಕ್ಕೇ ಎರವಾಗಬಹುದು. "ಉಸಿರು ಕಟ್ಟಿದರೆ ನಮಗೆ ಗೊತ್ತಾಗುವುದಿಲ್ಲವೆ? ಆಗ ಹೊರಗೆ ಬಂದರಾಯಿತು" ಎಂಬುದು ಬಹುಮಂದಿಯ ನಂಬಿಕೆ. ಎಲ್ಲ ವೇಳೆಯಲ್ಲಿಯೂ ಗೊತ್ತಾಗುವುದಿಲ್ಲ ಎಂಬುದೇ ಈ ಲೇಖನದ ತಾತ್ಪರ್ಯ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗಾಳಿಯ ಪ್ರಯಾಣವನ್ನು ಮೊದಲಿನಿಂದ ಅನುಸರಿಸಬೇಕು.

ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, ಸುಮಾರು 21 ಪಾಲು ಆಮ್ಲಜನಕ. ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಇಂಗಾಲಾಮ್ಲ ವಾಯು ನೂರಕ್ಕೆ 0.04ರಷ್ಟು ಮಾತ್ರ. ನಾವು ಹೊರಬಿಡುವ ಉಸಿರಿನಲ್ಲಾದರೋ ಆಮ್ಲಜನಕ ಸುಮಾರು 16ಕ್ಕೆ ಇಳಿದಿರುತ್ತದೆ, ಇಂಗಾಲಾಮ್ಲ ವಾಯು ಸುಮಾರು 4ಕ್ಕೆ ಏರಿರುತ್ತದೆ. ಸೌದೆ ಉರಿಯುವಾಗ ಆಗುವುದೂ ಇದೇ ಬಗೆಯ ವ್ಯಾಪಾರ. ಪ್ರಾಣಿಯ ಉಸಿರಾಟವೂ ಒಂದು ನಿಧಾನವಾದ ದಹನವೇ ಎಂಬುದನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಪ್ರಯೋಗಗಳಿಂದ ತೋರಿಸಿದನು. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆಂದು ತಿಳಿದು ಅವನು ಅದಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟನು. ಆ ತಿಳಿವಳಿಕೆ ತಪ್ಪೆಂದು ಮುಂದೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ಆಮ್ಲಜನಕ ಎಂಬ ಮಾತು ಆ ಹೆಸರಿನ ಕನ್ನಡ ರೂಪವೇ.

ಈ ದಹನ ನಡೆಯುವುದು ಎದೆಗೂಡಿನಲ್ಲಲ್ಲ. ಮೈಯ ಪ್ರತಿಯೊಂದು ಜೀವಕೋಶವೂ ತನ್ನ ಪಾಲಿನ ಒಲೆಯನ್ನು ತಾನೇ ಉರಿಸಿಕೊಳ್ಳುತ್ತದೆ. ಆ ಒಲೆಗಳಿಗೆಲ್ಲ ಆಮ್ಲಜನಕವನ್ನು ಮುಟ್ಟಿಸಿ, ಅಲ್ಲಿ ಹುಟ್ಟಿದ ಇಂಗಾಲಾಮ್ಲ ವಾಯುವನ್ನು ತೆಗೆದು ಹೊರಹಾಕುವುದಕ್ಕಾಗಿಯೇ ಶ್ವಾಸಕೋಶ, ಹೃದಯ, ರಕ್ತ ಇವು ಮೂರೂ ಕೂಡಿ ದುಡಿಯುತ್ತವೆ. ಸುಮ್ಮನೆ ಕುಳಿತಿರುವ ವಯಸ್ಕನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರು ಆಮ್ಲಜನಕ ಬೇಕು. ಮೆದುಳಿಗೆ ಇದರ ಅವಸರ ಎಲ್ಲಕ್ಕಿಂತ ಹೆಚ್ಚು. ನಾಲ್ಕೈದು ನಿಮಿಷ ಪೂರ್ತಿ ತಪ್ಪಿತೆಂದರೆ ಮರಳಿ ಸರಿಯಾಗದ ಹಾನಿ ಮೊದಲಾಗುತ್ತದೆ.

ಉಸಿರೆಳೆಯುವುದೆಂದರೆ ಶ್ವಾಸಕೋಶ ತಾನಾಗಿ ಉಬ್ಬುವುದೆಂದು ತೋರುತ್ತದೆ. ಆದರೆ ಉಬ್ಬುವ ಸ್ನಾಯು ಶ್ವಾಸಕೋಶಕ್ಕೆ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ವಪೆ ಎಂಬ ಸ್ನಾಯು ಕುಗ್ಗಿ ಕೆಳಕ್ಕೆ ಸರಿಯುತ್ತದೆ. ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಏಳುತ್ತವೆ. ಎದೆಗೂಡು ಹಿಗ್ಗಿದಾಗ ಒಳಗಿನ ಒತ್ತಡ ಇಳಿದು ಹೊರಗಿನ ಗಾಳಿ ತಾನೇ ನುಗ್ಗಿ ಬರುತ್ತದೆ. ಕಮ್ಮಾರನ ತಿದಿಯ ನ್ಯಾಯವೇ ಇದು. ಉಸಿರುಬಿಡುವಾಗ, ಸಾಧಾರಣವಾಗಿ, ಹಿಗ್ಗಿದ್ದುದು ತನ್ನ ಸ್ವಭಾವದಿಂದಲೇ ಹಿಂದಕ್ಕೆ ಕುಗ್ಗುತ್ತದೆ. ಒಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿಯಂತೆ, ವಿಶ್ರಾಂತಿಯಲ್ಲಿ ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಸಲ ಈ ಕೆಲಸ ನಡೆಯುತ್ತದೆ. ಆ ಅರ್ಧ ಲೀಟರಿನಲ್ಲಿ ಸುಮಾರು 150 ಮಿಲಿಲೀಟರು ಗಂಟಲು ಮತ್ತು ಗಾಳಿಕೊಳವೆಗಳಲ್ಲಿಯೇ ಉಳಿದು, ಹೋದ ದಾರಿಯಲ್ಲಿಯೇ ವ್ಯರ್ಥವಾಗಿ ಹಿಂತಿರುಗುತ್ತದೆ.

ಗಾಳಿಕೊಳವೆ ಮರದಂತೆ ಕವಲೊಡೆಯುತ್ತ ಹೋಗಿ ಕೊನೆಗೆ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಮುಗಿಯುತ್ತದೆ. ಇವೇ ವಾಯುಕೋಶಗಳು. ಎರಡು ಶ್ವಾಸಕೋಶಗಳಲ್ಲಿ ಕೂಡಿ ಇವು ಮೂವತ್ತು ಕೋಟಿಗೂ ಹೆಚ್ಚು. ಇವನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಸುಮಾರು 70 ಚದರ ಮೀಟರು ಜಾಗ ಬೇಕು. ನಮ್ಮ ತೋಟದ ಮನೆಗಳ ಮುಂದೆ ಕಾಫಿ ಒಣಗಿಸುವ ಸಣ್ಣದೊಂದು ಕಣದಷ್ಟು! ಪ್ರತಿಯೊಂದು ಗುಳ್ಳೆಯ ಸುತ್ತಲೂ ಲೋಮನಾಳಗಳ ಬಲೆ ಹೆಣೆದಿದೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು.

ಈ ಗೋಡೆಯನ್ನು ಅನಿಲಗಳು ದಾಟುವುದು ಹೇಗೆ? ನೀರು ಇಳಿಜಾರಿಗೆ ಹರಿಯುವಂತೆ ಅನಿಲವೂ ಹೆಚ್ಚು ಒತ್ತಡವಿದ್ದ ಕಡೆಯಿಂದ ಕಡಿಮೆ ಒತ್ತಡವಿದ್ದ ಕಡೆಗೆ ಹರಡುತ್ತದೆ. ಮಿಶ್ರಣದಲ್ಲಿರುವ ಪ್ರತಿಯೊಂದು ಅನಿಲಕ್ಕೂ ಅದರದೇ ಆದ ಒತ್ತಡದ ಪಾಲು ಇರುತ್ತದೆ. ಸಮುದ್ರಮಟ್ಟದಲ್ಲಿ ವಾಯುಕೋಶದ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರು ಪಾದರಸ. ಮೈಯನ್ನೆಲ್ಲ ಸುತ್ತಿ ಬಂದ ರಕ್ತದಲ್ಲಿ 40. ಆದ್ದರಿಂದ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ. ಇಂಗಾಲಾಮ್ಲ ವಾಯುವಿನ ಒತ್ತಡ ಆ ರಕ್ತದಲ್ಲಿ ಸುಮಾರು 45, ವಾಯುಕೋಶದಲ್ಲಿ 40. ಆದ್ದರಿಂದ ಅದು ಹೊರಕ್ಕೆ ಬರುತ್ತದೆ. ಒಂದಕ್ಕೆ 60ರ ಇಳಿಜಾರು, ಇನ್ನೊಂದಕ್ಕೆ 5ರ ಇಳಿಜಾರು ಮಾತ್ರ. ಆದರೂ ಎರಡನೆಯದರ ಕೆಲಸ ಕೆಡುವುದಿಲ್ಲ; ಏಕೆಂದರೆ ಇಂಗಾಲಾಮ್ಲ ವಾಯು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ಗೋಡೆಯನ್ನು ದಾಟಬಲ್ಲುದು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ರಕ್ತದ ನೀರಿನಂಶದಲ್ಲಿ ಆಮ್ಲಜನಕ ಕರಗುವುದು ತೀರ ಸ್ವಲ್ಪ. 100 ಮಿಲಿಲೀಟರಿಗೆ 0.3 ಮಿಲಿಲೀಟರು ಮಾತ್ರ. ಇಷ್ಟನ್ನೇ ನಂಬಿದ್ದರೆ ಈಗ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹರಿಸುವ ಹೃದಯ 80 ಲೀಟರಿಗೂ ಹೆಚ್ಚು ಹರಿಸಬೇಕಾಗುತ್ತಿತ್ತು. ಈ ಸಂಕಟದಿಂದ ನಮ್ಮನ್ನು ಪಾರುಮಾಡಿರುವುದು ಕೆಂಪು ರಕ್ತಕಣಗಳಲ್ಲಿ ತುಂಬಿರುವ ಹಿಮೋಗ್ಲೋಬಿನ್. ಅದರ ಒಂದೊಂದು ಅಣುವಿನಲ್ಲಿಯೂ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಒಂದೊಂದು ಪರಮಾಣುವೂ ಆಮ್ಲಜನಕದ ಒಂದೊಂದು ಅಣುವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ 100 ಮಿಲಿಲೀಟರು ರಕ್ತ ಸುಮಾರು 20 ಮಿಲಿಲೀಟರು ಆಮ್ಲಜನಕವನ್ನು ಹೊರುತ್ತದೆ. ವಿಶ್ರಾಂತಿಯಲ್ಲಿ ಅದರ ಕಾಲುಭಾಗವಷ್ಟೇ ವೆಚ್ಚವಾಗಿ ಮುಕ್ಕಾಲುಭಾಗ ತಿರುಗಿ ಬರುತ್ತದೆ. ದುಡಿಯುವ ಸ್ನಾಯುವಾದರೆ ಆ ಉಳಿತಾಯದಿಂದಲೂ ಬೇಕಾದಷ್ಟನ್ನು ತೆಗೆದುಕೊಳ್ಳುತ್ತದೆ.

ಹಿಮೋಗ್ಲೋಬಿನ್ನಿಗೆ ಒಂದು ವಿಶೇಷ ಗುಣವಿದೆ. ಸುತ್ತಲಿನ ಆಮ್ಲಜನಕದ ಒತ್ತಡ 100ರಿಂದ 70ಕ್ಕೆ ಇಳಿದರೂ ಅದು ತನ್ನ ಹೊರೆಯನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. 60ಕ್ಕಿಂತ ಕೆಳಗೆ ಇಳಿಯಿತೆಂದರೆ ಭರಭರನೆ ಇಳಿಸಿಬಿಡುತ್ತದೆ. ಶ್ವಾಸಕೋಶದಲ್ಲಿ ಗಟ್ಟಿಯಾಗಿ ಹಿಡಿದು, ಬೇಕಾದೆಡೆಯಲ್ಲಿ ಧಾರಾಳವಾಗಿ ಕೊಡುವ ಗುಣ ಇದು. ಇದರ ಪ್ರಯೋಜನವನ್ನು ಮುಳ್ಳಯ್ಯನಗಿರಿಯ ಮೇಲೆ ಕಾಣಬಹುದು. ಸಮುದ್ರಮಟ್ಟದ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 160 ಮಿಲಿಮೀಟರು. ಸುಮಾರು 1,090 ಮೀಟರು ಎತ್ತರದಲ್ಲಿರುವ ಚಿಕ್ಕಮಗಳೂರು ಪಟ್ಟಣದಲ್ಲಿ ಅದು 140ರ ಆಸುಪಾಸು. ಕರ್ನಾಟಕದ ಅತ್ಯುನ್ನತ ಶಿಖರವಾದ, ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 126ರ ಆಸುಪಾಸು. ಅಂದರೆ ಐದರಲ್ಲೊಂದು ಪಾಲು ಖೋತಾ. ಅಲ್ಲಿಯೂ ನೂರಕ್ಕೆ 21ರ ಲೆಕ್ಕ ಬದಲಾಗಿಲ್ಲ, ಗಾಳಿಯೇ ತೆಳುವಾಗಿದೆ. ಆದರೂ ಆರೋಗ್ಯವಂತನ ಹಿಮೋಗ್ಲೋಬಿನ್ ಅಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತುಂಬಿಯೇ ಇರುತ್ತದೆ. ಬೆಟ್ಟದ ಮೆಟ್ಟಿಲುಗಳ ಮೇಲೆ ನಮಗೆ ಬರುವ ಏದುಸಿರಿಗೆ ಮುಖ್ಯವಾದ ಕಾರಣ ತೆಳುವಾದ ಗಾಳಿಯಲ್ಲ, ಏರಿನ ದುಡಿಮೆ.

ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಾದರೆ ಮಾತು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕುಯಿಲಿನ ಕಾಲದಲ್ಲಿ ಹಣ್ಣಿನ ಚೀಲವನ್ನು ಹೊತ್ತು ಗುಡ್ಡದ ಏರು ಹತ್ತುವ ಹೆಂಗಸು ನಾಲ್ಕು ಹೆಜ್ಜೆಗೊಮ್ಮೆ ನಿಂತರೆ ನಾವು ಸೋಮಾರಿತನವೆನ್ನುತ್ತೇವೆ. ಅದು ಅವಳ ರಕ್ತದಲ್ಲಿ ಹೊರೆಯಾಳುಗಳ ಕೊರತೆ ಇರಬಹುದು.

ಇನ್ನು ಇಂಗಾಲಾಮ್ಲ ವಾಯು ಹಿಂತಿರುಗುವ ದಾರಿ. ಜೀವಕೋಶಗಳಿಂದ ಹೊರಟ ಈ ವಾಯುವಿನ ಸ್ವಲ್ಪ ಭಾಗ ರಕ್ತದಲ್ಲಿ ಹಾಗೆಯೇ ಕರಗುತ್ತದೆ. ನೂರಕ್ಕೆ ಇಪ್ಪತ್ತರಷ್ಟು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಉಳಿದ ಎಪ್ಪತ್ತು ಪಾಲು ಕೆಂಪು ರಕ್ತಕಣದೊಳಗೆ ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗಿ, ಕೂಡಲೆ ಒಡೆದು ಬೈಕಾರ್ಬನೇಟ್ ರೂಪದಲ್ಲಿ ಸಾಗುತ್ತದೆ. ಈ ಕ್ರಿಯೆಯನ್ನು ತ್ವರೆಗೊಳಿಸುವ ಒಂದು ಕಿಣ್ವ ರಕ್ತಕಣದಲ್ಲಿಯೇ ಇದೆ. ಶ್ವಾಸಕೋಶವನ್ನು ಮುಟ್ಟಿದಾಗ ಇದೆಲ್ಲ ತಿರುಗುಮುರುಗಾಗಿ ನಡೆದು ವಾಯು ಹೊರಬೀಳುತ್ತದೆ. ಹೋಗುವ ಸರಕೂ ಬರುವ ಸರಕೂ ಒಂದಕ್ಕೊಂದು ನೆರವಾಗುವುದು ಇಲ್ಲಿನ ಸೋಜಿಗ. ಎಲ್ಲಿ ದುಡಿಮೆ ಹೆಚ್ಚೋ ಅಲ್ಲಿ ಇಂಗಾಲಾಮ್ಲ ವಾಯು ಹೆಚ್ಚು. ಅದು ಹೆಚ್ಚಿದಲ್ಲಿ ಹಿಮೋಗ್ಲೋಬಿನ್ ತನ್ನ ಹಿಡಿತವನ್ನು ಸಡಿಲಿಸಿ ಆಮ್ಲಜನಕವನ್ನು ಇನ್ನಷ್ಟು ಇಳಿಸುತ್ತದೆ. ಇದನ್ನು 1904ರಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ಪರಮಾಣುವಿಜ್ಞಾನಿ ನೀಲ್ಸ್ ಬೋರ್ ಇವನ ಮಗ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಇಂಗಾಲಾಮ್ಲ ವಾಯು ನೀರಿನೊಡನೆ ಸೇರಿ ಆಮ್ಲವಾಗುವುದರಿಂದ, ಅದು ಹೆಚ್ಚಾದಾಗಲೆಲ್ಲ ರಕ್ತದ ಆಮ್ಲತೆ ಏರುತ್ತದೆ, ಕಡಿಮೆಯಾದಾಗ ಇಳಿಯುತ್ತದೆ. ಆಮ್ಲತೆಯ ಸಣ್ಣ ವ್ಯತ್ಯಾಸವನ್ನೂ ದೇಹ ಸಹಿಸದು. ಉಸಿರಾಟದ ಕಾವಲಿಗೂ ಇದಕ್ಕೂ ನಂಟಿದೆ.

ಹೃದಯಕ್ಕೆ ತನ್ನದೇ ಆದ ತಾಳವಿದೆ. ನರಗಳ ಸಂಪರ್ಕ ಕಡಿದರೂ ಅದು ಬಡಿಯಬಲ್ಲುದು. ಉಸಿರಾಟಕ್ಕೆ ಆ ಸ್ವಾತಂತ್ರ್ಯವಿಲ್ಲ. ಮೆದುಳಿನ ಬುಡದಲ್ಲಿ, ಬೆನ್ನುಹುರಿಯೊಡನೆ ಕೂಡುವ ಮೆಡುಲ್ಲಾ ಎಂಬ ಭಾಗದಲ್ಲಿರುವ ನರಕೋಶಗಳಿಂದ ಅಪ್ಪಣೆ ಹೊರಟು ವಪೆಗೂ ಪಕ್ಕೆಲುಬಿನ ಸ್ನಾಯುಗಳಿಗೂ ಮುಟ್ಟಬೇಕು. ನಾವು ನಿದ್ರಿಸುವಾಗಲೂ ಈ ಅಪ್ಪಣೆ ನಿಲ್ಲುವುದಿಲ್ಲ. ಮಾತನಾಡುವಾಗ, ಹಾಡುವಾಗ, ನೀರಿನಲ್ಲಿ ಮುಳುಗುವಾಗ ನಾವು ಇಚ್ಛೆಯಿಂದ ಉಸಿರನ್ನು ತಡೆಹಿಡಿಯಬಲ್ಲೆವು. ಆದರೆ ಸ್ವಲ್ಪ ಹೊತ್ತು ಮಾತ್ರ. ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆಯುವುದರೊಳಗೆ ಒಳಗಿನಿಂದ ಒಂದು ತಡೆಯಲಾರದ ಒತ್ತಾಯ ಹುಟ್ಟಿ ಬಾಯಿ ತೆರೆಯಿಸಿಬಿಡುತ್ತದೆ. ಈ ಒತ್ತಾಯ ಹುಟ್ಟಿಸುವುದು ಯಾವುದು? ಆಮ್ಲಜನಕ ಮುಗಿದುದರಿಂದ ಎಂದೇ ಯಾರಾದರೂ ಉತ್ತರ ಹೇಳುವರು. ಆ ಉತ್ತರ ಸರಿಯಲ್ಲ.

1905ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೆ. ಎಸ್. ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್‌ಲಿ ಎಂಬುವರು ಇದರ ಗುಟ್ಟನ್ನು ಹೊರಗೆಡವಿದರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡ ಇವರು ವಾಯುಕೋಶದ ಗಾಳಿಯನ್ನು ಅಳೆದರು. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡದಾದ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೂ, ಕಾರ್ನ್‌ವಾಲಿನ ಆಳವಾದ ಗಣಿಯೊಂದರ ತಳದಲ್ಲೂ ಅಳೆದು ನೋಡಿದರು. ಎಲ್ಲಿ ನೋಡಿದರೂ ವಾಯುಕೋಶದಲ್ಲಿ ಇಂಗಾಲಾಮ್ಲ ವಾಯುವಿನ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆ ಮಟ್ಟ ನೂರಕ್ಕೆ 0.2ರಷ್ಟು ಏರಿದರೆ ಸಾಕು, ಉಸಿರಾಟ ಇಮ್ಮಡಿಯಾಗುತ್ತಿತ್ತು. ಆಮ್ಲಜನಕವನ್ನು ಗಮನಾರ್ಹವಾಗಿ ಇಳಿಸಿದರೂ ಅಂತಹ ಬದಲಾವಣೆ ಕಾಣಲಿಲ್ಲ. ಎಂದ ಮೇಲೆ, ಮೆದುಳಿನ ಕಾವಲುಗಾರ ದಿನನಿತ್ಯ ಎಣಿಸುವುದು ಒಳಗೆ ಬಂದ ಆಮ್ಲಜನಕವನ್ನಲ್ಲ. ಹೊರಗೆ ಹೋಗದೆ ಉಳಿದ ಇಂಗಾಲಾಮ್ಲ ವಾಯುವನ್ನು. ಆ ವಾಯು ಮೆದುಳಿನ ಸುತ್ತಲಿನ ದ್ರವಕ್ಕೆ ದಾಟಿ ಅಲ್ಲಿನ ಆಮ್ಲತೆಯನ್ನು ಏರಿಸಿದಾಗ, ಅದನ್ನರಿಯುವ ನರಕೋಶಗಳು ಉಸಿರಾಟದ ವೇಗವನ್ನು ಹೆಚ್ಚಿಸುತ್ತವೆ. ಅಂದಹಾಗೆ, ಈ ಹಾಲ್ಡೇನರ ಮಗನೇ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿನ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್.

ಹಾಗಾದರೆ ಆಮ್ಲಜನಕವನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆ? ಇದ್ದಾರೆ. ಕುತ್ತಿಗೆಯ ಎರಡು ಪಕ್ಕಗಳಲ್ಲಿ, ಮೆದುಳಿಗೆ ರಕ್ತವನ್ನು ಒಯ್ಯುವ ಅಪಧಮನಿ ಕವಲೊಡೆಯುವೆಡೆಯಲ್ಲಿ, ಅಕ್ಕಿಕಾಳಿನಷ್ಟು ಪುಟ್ಟ ಅಂಗವೊಂದಿದೆ. ಇದರ ಮತ್ತು ಮಹಾಪಧಮನಿಯ ಬಳಿಯ ಇಂತಹುದೇ ಅಂಗಗಳ ಕೆಲಸವನ್ನು ಕಂಡುಹಿಡಿದುದಕ್ಕಾಗಿ ಬೆಲ್ಜಿಯಮ್ಮಿನ ಕಾರ್ನೇಯ್ ಹೇಮನ್ಸ್‌ಗೆ 1938ರ ನೊಬೆಲ್ ಬಹುಮಾನ ಸಂದಿತು. ಆದರೆ ಈ ಎರಡನೆಯ ಕಾವಲುಗಾರನಿಗೆ ಎರಡು ಕೊರತೆಗಳುಂಟು. ರಕ್ತದ ಆಮ್ಲಜನಕದ ಒತ್ತಡ 100ರಿಂದ 60ರ ಹತ್ತಿರಕ್ಕೆ ಇಳಿಯುವ ತನಕ ಇವನು ಗಟ್ಟಿಯಾಗಿ ಕೂಗುವುದಿಲ್ಲ. ಅಲ್ಲದೆ ಇವನು ನೋಡುವುದು ಆಮ್ಲಜನಕದ ಒತ್ತಡವನ್ನು. ರಕ್ತ ಎಷ್ಟು ಆಮ್ಲಜನಕವನ್ನು ಹೊತ್ತಿದೆ ಎಂಬ ಮೊತ್ತವನ್ನಲ್ಲ. ರಕ್ತಹೀನತೆಯಲ್ಲಿ ಒತ್ತಡ ಸರಿಯಾಗಿಯೇ ಇರುವುದರಿಂದ ಇವನು ಸುಮ್ಮನಿರುತ್ತಾನೆ. ಹೃದಯ ಮಾತ್ರ ಹೆಚ್ಚು ಹೆಚ್ಚು ಬಡಿದು ಬಳಲುತ್ತದೆ.

ಏರು ಹತ್ತುವಾಗ ಈ ಕಾವಲುಗಾರರ ಜೊತೆಗೆ ಇನ್ನೂ ಕೆಲವು ಸಂದೇಶಗಳು ಕೂಡಿಕೊಳ್ಳುತ್ತವೆ. ಕಾಲಿಗೆ ಅಪ್ಪಣೆ ಕೊಡುವ ಮೆದುಳು ಅದೇ ಸಮಯದಲ್ಲಿ ಉಸಿರಾಟಕ್ಕೂ ಮುನ್ಸೂಚನೆ ಕೊಡುತ್ತದೆ. ದುಡಿಯುವ ಸ್ನಾಯುಗಳಿಂದಲೂ ವರ್ತಮಾನ ಹೋಗುತ್ತದೆ. ಆದುದರಿಂದಲೇ ರಕ್ತದಲ್ಲಿ ಯಾವ ಏರುಪೇರೂ ಆಗುವ ಮುಂಚೆ, ಮೊದಲ ಹೆಜ್ಜೆಗಳಲ್ಲಿಯೇ, ಉಸಿರು ಚುರುಕಾಗುತ್ತದೆ.

ಈ ಕಾವಲಿಗೂ ನಮ್ಮ ಸೀಮೆಯ ಬೆಳೆಗೂ ಒಂದು ಸಂಬಂಧವಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬುದು ಎಲ್ಲರೂ ಕೇಳಿರುವ ಕಥೆ. ಅರೇಬಿಕಾ ಬೀಜದಲ್ಲಿ ನೂರಕ್ಕೆ ಸುಮಾರು 1.2ರಷ್ಟು, ರೊಬಸ್ಟಾದಲ್ಲಿ ಸುಮಾರು 2ಕ್ಕೂ ಮಿಕ್ಕು ಕೆಫೀನ್ ಇರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಮೆಡುಲ್ಲಾದ ಕಾವಲು ಇನ್ನೂ ಬಲಿತಿರುವುದಿಲ್ಲ. ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಉಸಿರಾಡುವುದನ್ನೇ ಮರೆತುಬಿಡುತ್ತವೆ. ಇಂತಹ ಕೂಸುಗಳಿಗೆ ವೈದ್ಯರು ಅಳತೆಮಾಡಿ ಕೊಡುವ ಔಷಧ ಕೆಫೀನೇ. ಅದು ಮೆದುಳಿನಲ್ಲಿ ಮಂಪರು ಉಂಟುಮಾಡುವ ಅಡಿನೊಸಿನ್ ಎಂಬ ವಸ್ತುವಿನ ಕೆಲಸವನ್ನು ತಡೆದು, ಇಂಗಾಲಾಮ್ಲ ವಾಯುವಿನ ವಿಷಯದಲ್ಲಿ ಕಾವಲುಗಾರನನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ಹಲವು ದೇಶಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದರ ಹಿತವನ್ನು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯ ಔಷಧಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ಇದನ್ನು ಓದಿ ಯಾರೂ ಮನೆಯಲ್ಲಿ ಕೂಸಿಗೆ ಕಾಫಿ ಕುಡಿಸಬಾರದು. ಔಷಧಕ್ಕೂ ಲೋಟದ ಕಾಫಿಗೂ ಅಳತೆಯಲ್ಲಿ ಅಜಗಜಾಂತರ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾವಲುಗಾರ ಎಣಿಸುವುದು ಇಂಗಾಲಾಮ್ಲ ವಾಯುವನ್ನು ಎಂದಾದರೆ, ಆ ವಾಯು ಹೆಚ್ಚಾಗದೆ ಆಮ್ಲಜನಕ ಮಾತ್ರ ಕಡಿಮೆಯಾಗುವ ಎಡೆಯಲ್ಲಿ ಅವನು ಮೋಸಹೋಗುತ್ತಾನೆ. ಇಂತಹ ಎಡೆಗಳು ನಮ್ಮ ಸುತ್ತಲೇ ಇವೆ.

ಮೊದಲನೆಯದು ಹೊಳೆಯ ಮಡು. ಕಳಸದ ಕಡೆ ಭದ್ರೆ, ಮೂಡಿಗೆರೆಯ ಕಡೆ ಹೇಮಾವತಿ. ಬೇಸಗೆಯಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆಂದು ಪಂಥ ಕಟ್ಟದ ಹುಡುಗರುಂಟೆ? ಮುಳುಗುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿಕೊಂಡರೆ ಹೆಚ್ಚು ಹೊತ್ತು ಇರಬಹುದೆಂಬುದು ಅವರ ಉಪಾಯ. ಇರಬಹುದು, ನಿಜ. ಆದರೆ ಹಿಮೋಗ್ಲೋಬಿನ್ ಮೊದಲೇ ತುಂಬಿರುವುದರಿಂದ ಆ ಜೋರು ಉಸಿರಾಟದಿಂದ ಆಮ್ಲಜನಕ ಹೆಚ್ಚುವುದು ಅತ್ಯಲ್ಪ. ಇಂಗಾಲಾಮ್ಲ ವಾಯು ಮಾತ್ರ ತೊಳೆದುಹೋಗುತ್ತದೆ. ಅದು ಮತ್ತೆ ತುಂಬಿಕೊಂಡು ಮೇಲೇಳೆಂದು ಕೂಗುವಷ್ಟರಲ್ಲಿ ಆಮ್ಲಜನಕ ತೀರಿ, ಈಜುಗಾರ ಯಾವ ಸಂಕಟವೂ ತೋರದೆ ನೀರಿನಡಿಯಲ್ಲಿಯೇ ಎಚ್ಚರ ತಪ್ಪುತ್ತಾನೆ. ಒಳ್ಳೆಯ ಈಜುಗಾರರೂ ಹೀಗೆ ಮುಳುಗುವುದುಂಟು.

ಎರಡನೆಯದು ಕೆಂಡ. ಆಷಾಢದ ಮಳೆಯಲ್ಲಿ ಬಟ್ಟೆ ಒಣಗದು, ಮೈ ಬೆಚ್ಚಗಾಗದು. ಬಾಣಂತಿಯ ಕೋಣೆಯಲ್ಲಿಯೋ ತೋಟದ ಲೈನಿನ ಒಂಟಿ ಕೋಣೆಯಲ್ಲಿಯೋ ಬಾಣಲೆಗೆ ಕೆಂಡ ಹಾಕಿಟ್ಟು, ಗಾಳಿ ಬಾರದಂತೆ ಕಿಟಕಿಯ ಸಂದಿಗೆ ಚಿಂದಿ ತುರುಕಿ ಮಲಗುವ ರೂಢಿಯಿದೆ. ಹೊಗೆ ಅಡಗಿದೆ, ಇನ್ನೇನು ಭಯವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಅದರ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚು ಮೋಹ. ಲೆಕ್ಕ ಸುಲಭ: ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಇದ್ದರೂ ಈ ವಾಯು ನೂರಕ್ಕೆ 0.1ರಷ್ಟಿದ್ದು ಬಹಳ ಹೊತ್ತು ಉಸಿರಾಡಿದರೆ ಅರ್ಧದಷ್ಟು ಹಿಮೋಗ್ಲೋಬಿನ್ನನ್ನು ಅದು ಆಕ್ರಮಿಸಿಕೊಳ್ಳುತ್ತದೆ. ಇಂಗಾಲಾಮ್ಲ ವಾಯು ಎಂದಿನಂತೆ ಹೊರಹೋಗುವುದರಿಂದ ಮೊದಲನೆಯ ಕಾವಲುಗಾರನಿಗೆ ಸುಳಿವಿಲ್ಲ. ಕರಗಿದ ಆಮ್ಲಜನಕದ ಒತ್ತಡ ಇಳಿಯದಿರುವುದರಿಂದ ಎರಡನೆಯವನಿಗೂ ಸುಳಿವಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಇಷ್ಟೇ ಮುನ್ಸೂಚನೆ. ಮಲಗಿದ್ದವನಿಗೆ ಅದೂ ತಿಳಿಯದು. ಗಾಳಿಯಾಡದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಉರಿಸಿ ಸ್ನಾನಮಾಡುವುದೂ ಇದೇ ಅಪಾಯವನ್ನು ಕರೆಯುತ್ತದೆ. ಗಣಿಯ ಸ್ಫೋಟಗಳಲ್ಲಿ ಸತ್ತವರಲ್ಲಿ ಬಹುಮಂದಿ ಬೆಂಕಿಯಿಂದಲ್ಲ, ಈ ವಾಯುವಿನಿಂದ ಸತ್ತರೆಂದು 1896ರಲ್ಲಿಯೇ ತೋರಿಸಿದವರೂ ಮೇಲೆ ಹೇಳಿದ ಹಾಲ್ಡೇನರೇ.

ಮೂರನೆಯದು ಗುಂಡಿ. ಬಹುದಿನ ಮುಚ್ಚಿದ್ದ ಬಾವಿ, ಕಕ್ಕಸಿನ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿ, ಪಲ್ಪರಿನ ಕೊಳೆನೀರು ನಿಂತ ಗುಂಡಿ ಇವುಗಳಲ್ಲಿ ಕೊಳೆಯುವ ಪದಾರ್ಥ ಆಮ್ಲಜನಕವನ್ನು ತಿಂದುಹಾಕಿ ಬೇರೆ ಅನಿಲಗಳನ್ನು ತುಂಬುತ್ತದೆ. ಆಮ್ಲಜನಕ ನೂರಕ್ಕೆ ಆರಕ್ಕಿಂತ ಕೆಳಗಿಳಿದಿದ್ದರೆ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿಯುತ್ತಾನೆ. ಕೊಳೆತ ಮೊಟ್ಟೆಯ ವಾಸನೆಯ ವಾಯುವಿದ್ದರಂತೂ ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ವಾಸನೆ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಬಾವಿಗೆ ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯೂ ಸಾಲದು. ದೀಪ ಆರದಿದ್ದರೆ ವಿಷವಾಯು ಇಲ್ಲವೆಂದು ಅರ್ಥವಲ್ಲ. ಉರಿಯುವ ಅನಿಲವಿದ್ದರೆ ದೀಪವೇ ಅನಾಹುತ. ಇಳಿದವನು ಕುಸಿದುದನ್ನು ಕಂಡು ಅಣ್ಣನೋ ಮಗನೋ ಜೊತೆಯ ಆಳೋ ಹಿಂದೆಯೇ ಇಳಿಯುತ್ತಾರೆ. ಒಂದು ಸಾವು ಎರಡಾಗುತ್ತದೆ, ಮೂರಾಗುತ್ತದೆ. ಪತ್ರಿಕೆಗಳಲ್ಲಿ ಇಂತಹ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕಷ್ಟವಾದರೆ ತಿಳಿದೀತು, ಕೂಡಲೆ ಮೇಲೆ ಬಂದೇನು ಎಂಬ ನಂಬಿಕೆ ಅವರನ್ನು ಕೊಂದಿತು. ರಕ್ಷಣಾ ಸಾಧನಗಳಿಲ್ಲದೆ ಮಲಗುಂಡಿ, ಚರಂಡಿಗಳಿಗೆ ಜನರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹಾಗಿದ್ದರೂ ಕೂಲಿಯ ಆಸೆಗೆ ಇಳಿಯುವವರು ಯಾವ ಮನೆಗಳವರೆಂದು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯ ನಿದರ್ಶನವನ್ನು 2020ರಲ್ಲಿ ಕೋವಿಡ್ ತಂದಿತು. ರಕ್ತದ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಕೆಲವು ರೋಗಿಗಳು ದಮ್ಮಿನ ಮಾತೇ ಆಡದೆ ಕುಳಿತು ಹರಟುತ್ತಿದ್ದರು. ಹಿಂದೆ ನೆನಪಿನಲ್ಲಿಡಲು ಹೇಳಿದ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾತುಕೊಂಡ ಶ್ವಾಸಕೋಶದಲ್ಲಿ ಆಮ್ಲಜನಕ ದಾಟಲು ತಿಣುಕುತ್ತಿದ್ದರೂ ಇಂಗಾಲಾಮ್ಲ ವಾಯು ಸುಲಭವಾಗಿ ಹೊರಹೋಗುತ್ತಿತ್ತು. ಅದರಿಂದ ಕಾವಲುಗಾರ ಬಹುಮಟ್ಟಿಗೆ ಸುಮ್ಮನಿದ್ದನು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಯಂತ್ರ ಆಗ ಹಳ್ಳಿಹಳ್ಳಿಗೂ ಪರಿಚಿತವಾದುದು ಈ ಕಾರಣದಿಂದಲೇ. ನಮ್ಮ ಕಾವಲುಗಾರ ನೋಡದ ಬಾಗಿಲನ್ನು ಅದು ನೋಡುತ್ತಿತ್ತು. ಆದರೆ ಅದಕ್ಕೂ ಒಂದು ಮಿತಿಯಿದೆ: ಕೆಂಡದ ವಿಷವಾಯು ಹಿಡಿದ ಹಿಮೋಗ್ಲೋಬಿನ್ನನ್ನು ಸಾಧಾರಣ ಯಂತ್ರ ಆಮ್ಲಜನಕ ತುಂಬಿದುದೆಂದೇ ಎಣಿಸಿಬಿಡುತ್ತದೆ.

ಪ್ರಕೃತಿ ನಮಗೆ ಇಂತಹ ಅರೆಗಣ್ಣಿನ ಕಾವಲುಗಾರನನ್ನೇಕೆ ಕೊಟ್ಟಿತು ಎಂದು ದೂರಬೇಕಾಗಿಲ್ಲ. ಬಯಲ ಗಾಳಿಯಲ್ಲಿ ಬದುಕುವ ಪ್ರಾಣಿಗೆ ಆಮ್ಲಜನಕ ಮಾತ್ರ ಕಡಿಮೆಯಾಗುವ ಸಂದರ್ಭ ಬಹು ವಿರಳ. ಉಸಿರು ಸಾಲದಾದಾಗ ಇಂಗಾಲಾಮ್ಲ ವಾಯು ಕೂಡಿಯೇ ಏರುತ್ತದೆ. ಒಂದನ್ನು ನೋಡಿಕೊಂಡರೆ ಎರಡನ್ನೂ ನೋಡಿಕೊಂಡಂತೆ. ರಕ್ತದ ಆಮ್ಲತೆಯೂ ಹದವಾಗಿ ಉಳಿಯುತ್ತದೆ. ಮುಚ್ಚಿದ ಕೋಣೆ, ಕೊಳೆತ ಗುಂಡಿ, ಪಂಥದ ಮುಳುಗು ಇವು ನಾವು ಮಾಡಿಕೊಂಡವು. ಅಲ್ಲಿಗೆ ಬೇಕಾದ ಕಾವಲನ್ನು ನಮ್ಮ ತಿಳಿವಳಿಕೆಯೇ ಒದಗಿಸಬೇಕು.

ಆ ತಿಳಿವಳಿಕೆ ನಾಲ್ಕು ಮಾತಿನಲ್ಲಿ ಅಡಗುತ್ತದೆ. ಕೆಂಡವಿಟ್ಟ ಕೋಣೆಯ ಬಾಗಿಲು ಕಿಟಕಿಗಳನ್ನು ತೆರೆದಿಡಿ, ಮಲಗುವ ಮುಂಚೆ ಕೆಂಡವನ್ನು ಹೊರಗಿಡಿ. ಜೋರು ಉಸಿರಾಡಿ ಮುಳುಗುವ ಪಂಥವನ್ನು ಬಿಡಿ. ಮುಚ್ಚಿದ ಗುಂಡಿಗೆ ಇಳಿಯಬೇಡಿ, ಇಳಿಸಬೇಡಿ. ಯಾರಾದರೂ ಒಳಗೆ ಕುಸಿದರೆ ಹಿಂದೆಯೇ ಇಳಿಯದೆ, ಮೇಲಿನಿಂದಲೇ ಗಾಳಿಯಾಡುವಂತೆ ಮಾಡಿ, ಅಗ್ನಿಶಾಮಕ ದಳವನ್ನೂ 108ರ ವಾಹನವನ್ನೂ ಕರೆಯಿರಿ. ಈ ಮಾತುಗಳನ್ನು ಈ ಸಂಚಿಕೆಯನ್ನು ಓದುವವರು ತಿಳಿದರೆ ಸಾಲದು. ಇದನ್ನು ಓದಲಾರದ ನಮ್ಮ ಮನೆಯ ಹಿರಿಯರಿಗೆ, ಲೈನಿನ ನೆರೆಯವರಿಗೆ, ರಜೆಯಲ್ಲಿ ಊರಿಗೆ ಹೋದಾಗ ಕುಳಿತು ಹೇಳಬೇಕು. ಕಾಲೇಜಿನಲ್ಲಿ ನಾವು ಕಲಿತುದು ಹೊಲಗದ್ದೆ ತೋಟಗಳಿಗೆ ತಿರುಗಿ ಹೋಗುವ ದಾರಿ ಅದೊಂದೇ. ಮಳೆಗಾಲ ಪ್ರತಿವರ್ಷ ಬರುತ್ತದೆ. ಈ ಸಲದ ಕೆಂಡ ಹೊತ್ತುವ ಮೊದಲು ಈ ಮಾತು ಮನೆಮನೆಗೂ ಮುಟ್ಟಲಿ.